ಬರೀ ಗಾಳಿ ತಾನೆ?

“ಕರೆಂಟ್ ಇಲ್ಲ, ಬ್ಲೇಡ್ ಇಲ್ಲ, ಬೆಂಕಿ ಇಲ್ಲ. ಬರೀ ಗಾಳಿ. ಅದರಲ್ಲೇನ್ರೀ ಅಪಾಯ?”

ಈ ಮಾತನ್ನ ನಾನು ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಶೆಡ್ಡುಗಳಲ್ಲಿ ಕೇಳಿದ್ದೇನೆ. ಗುಬ್ಬಿಯಲ್ಲಿ ಕೇಳಿದ್ದೇನೆ. ಕುಣಿಗಲ್‌ನಲ್ಲೂ ಕೇಳಿದ್ದೇನೆ. ಹೇಳಿದವರಲ್ಲಿ ಟಿಂಕರಿಂಗ್ ಮೇಸ್ತ್ರಿಗಳಿದ್ದಾರೆ, ಬಾಗಿಲು-ಕಿಟಕಿಗೆ ಪಾಲಿಶ್ ಹೊಡೆಯೋರಿದ್ದಾರೆ, ಶೆಡ್ಡಿನ ಮಾಲೀಕರಿದ್ದಾರೆ, ಇಂಜಿನಿಯರಿಂಗ್ ಓದಿದ ನನ್ನ ಸ್ನೇಹಿತರೂ ಇದ್ದಾರೆ. ಓದದೇ ಇರೋರು ಹೇಳಿದರೆ ಒಂದು ಅರ್ಥ. ಓದಿದವರೂ ಅದನ್ನೇ ಹೇಳಿದಾಗ ಮೈ ಉರಿಯುತ್ತೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗುತ್ತೆ, ಸ್ವಲ್ಪ ಖಾರವೂ ಆಗುತ್ತೆ. ಸಹಿಸ್ಕೊಳ್ಳಿ.

ನಾನು ಮಾತಾಡ್ತಿರೋದು ಅಂಗೈಯಲ್ಲಿ ಹಿಡಿದು ಉಜ್ಜುವ, ಗಾಳಿಯಿಂದ ಓಡುವ ಸ್ಯಾಂಡರ್ ಬಗ್ಗೆ. ಗ್ಯಾರೇಜಿನವರು ಏರ್ ಸ್ಯಾಂಡರ್ ಅಂತಾರೆ, ಡಿ.ಎ. ಸ್ಯಾಂಡರ್ ಅಂತಲೂ ಅಂತಾರೆ. ಕೆಳಗೆ ದುಂಡನೆಯ ಪ್ಯಾಡು, ಅದಕ್ಕೆ ಅಂಟಿಕೊಳ್ಳೋ ಉಪ್ಪು ಕಾಗದ, ಹಿಂದೆ ಕಂಪ್ರೆಸರ್‌ನಿಂದ ಬರೋ ಪೈಪು. ಮೇಲಿನ ಲಿವರ್ ಒತ್ತಿದರೆ ಪ್ಯಾಡು ತಿರುಗುತ್ತಾ, ಜೊತೆಗೇ ಓಲಾಡುತ್ತಾ ಉಜ್ಜುತ್ತೆ. ನಿಮಿಷಕ್ಕೆ 10,000ದಿಂದ 12,000 ಸುತ್ತು. ಕಾರಿನ ಡೆಂಟ್ ತೆಗೆದು ಪಟ್ಟಿ ಹಾಕಿದ ಮೇಲೆ ನಯ ಮಾಡೋದಕ್ಕೆ, ಬಸ್ಸು-ಲಾರಿಯ ಹಳೇ ಬಣ್ಣ ಕೆರೆಯೋದಕ್ಕೆ, ಮರಕ್ಕೆ ಪಾಲಿಶ್ ಹೊಡೆಯೋ ಮುಂಚೆ ಉಜ್ಜೋದಕ್ಕೆ, ಗ್ರಾನೈಟಿನ ಅಂಚು ನುಣುಪು ಮಾಡೋದಕ್ಕೆ, ಎಲ್ಲಕ್ಕೂ ಇದರ ಜಾತಿಯದೇ ಯಂತ್ರ.

ಯಂತ್ರವನ್ನ ಬೈಯೋಕೆ ಬಂದಿಲ್ಲ ನಾನು. ಅದು ಒಳ್ಳೇ ಯಂತ್ರ. ಹಗುರ, ಬೇಗ ಬಿಸಿಯಾಗಲ್ಲ, ನೀರು ಹಾಕಿ ಉಜ್ಜುವಾಗ ಕರೆಂಟ್ ಸ್ಯಾಂಡರ್‌ನಂತೆ ಶಾಕ್ ಹೊಡೆಯೋ ಭಯ ಇಲ್ಲ. ಇಡೀ ದಿನ ಕೈಯಲ್ಲಿ ಉಜ್ಜಿ ಭುಜ ಹಾಳು ಮಾಡಿಕೊಂಡ ಹಳೇ ಮೇಸ್ತ್ರಿಗಳನ್ನ ಕೇಳಿ, ಈ ಯಂತ್ರಕ್ಕೆ ಕೈ ಮುಗೀತಾರೆ. ನನ್ನ ತಕರಾರು ಇರೋದು “ಬರೀ ಗಾಳಿ ತಾನೆ” ಅನ್ನೋ ಮಾತಿನ ಮೇಲೆ. ಆ ಮಾತು ಸುಳ್ಳು. ಸುಳ್ಳು ಮಾತ್ರ ಅಲ್ಲ, ಅನುಕೂಲದ ಸುಳ್ಳು. ಯಾಕೆ ಅನ್ನೋದನ್ನ ಒಂದೊಂದಾಗಿ ನೋಡೋಣ.

ಮೊದಲು ಗಾಳಿಯ ಲೆಕ್ಕ. ಈ ಸ್ಯಾಂಡರ್‌ಗಳಿಗೆ ಸಾಮಾನ್ಯವಾಗಿ ಬೇಕಾದ ಒತ್ತಡ 90 ಪಿ.ಎಸ್.ಐ. ಅಂದರೆ ಒಂದು ಚದರ ಇಂಚಿನ ಮೇಲೆ ಸುಮಾರು 41 ಕೆಜಿ ಭಾರ. 25 ಕೆಜಿಯ ಅಕ್ಕಿ ಚೀಲ ಒಂದೂವರೆಗಿಂತ ಜಾಸ್ತಿ, ಹೆಬ್ಬೆರಳಿನ ತುದಿಯಷ್ಟು ಜಾಗದ ಮೇಲೆ ಕೂತ ಹಾಗೆ. “ಬರೀ ಗಾಳಿ” ಇದು! ಅದೂ ಯಂತ್ರದ ಲೆಕ್ಕ. ಕಂಪ್ರೆಸರ್‌ನ ಮೀಟರ್ ನೋಡಿದರೆ 120 ದಾಟಿರುತ್ತೆ. ಮಧ್ಯದಲ್ಲಿ ರೆಗ್ಯುಲೇಟರ್ ಇಲ್ಲದಿದ್ದರೆ ಆ 120 ನೇರವಾಗಿ ಸ್ಯಾಂಡರ್‌ಗೇ ಬರುತ್ತೆ. ಪ್ಯಾಡಿಗೆ ಇಷ್ಟೇ ವೇಗ ತಡೀಬಲ್ಲೆ ಅಂತ ಒಂದು ಮಿತಿ ಇರುತ್ತೆ. ಒತ್ತಡ ಜಾಸ್ತಿಯಾಗಿ ಆ ಮಿತಿ ದಾಟಿದರೆ ಪ್ಯಾಡು ಕಿತ್ತು ಹಾರುತ್ತೆ. ಎದುರಿಗೆ ಯಾರಿದ್ದಾರೆ ಅಂತ ಅದು ಕೇಳಲ್ಲ.

ಇನ್ನು ಆ ಗಾಳಿ ಮನುಷ್ಯನ ಮೈ ಹೊಕ್ಕರೆ? 2024ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನ ಒಂದು ಸರ್ವಿಸ್ ಸೆಂಟರ್‌ನಲ್ಲಿ ಇಬ್ಬರು ಸ್ನೇಹಿತರ ತಮಾಷೆ ನಡೀತಿತ್ತು. ವಾಹನ ಒಣಗಿಸೋ ಗಾಳಿಯ ಪೈಪನ್ನ ಒಬ್ಬ ಇನ್ನೊಬ್ಬನ ಗುದದ್ವಾರಕ್ಕೆ ಹಿಡಿದ. ಕರುಳು ಹರಿದು 24 ವರ್ಷದ ಹುಡುಗ ಸತ್ತು ಹೋದ. ಪತ್ರಿಕೆಗಳಲ್ಲೆಲ್ಲಾ ಬಂತು. ಎರಡು ದಿನ ಎಲ್ಲರೂ “ಅಯ್ಯೋ ಪಾಪ” ಅಂದೆವು. ಮೂರನೇ ದಿನ ನಮ್ಮ ಶೆಡ್ಡುಗಳಲ್ಲಿ ಸಂಜೆ ಕೆಲಸ ಮುಗಿದ ಮೇಲೆ ಹುಡುಗರು ಅದೇ ಗಾಳಿ ಪೈಪಿನಿಂದ ಒಬ್ಬರ ಮೈಮೇಲಿನ ಧೂಳನ್ನ ಇನ್ನೊಬ್ಬರು ಊದಿ ತೆಗೀತಿದ್ದರು. ಶರ್ಟು, ತಲೆ, ಮುಖ, ಎಲ್ಲಾ. ಅಮೆರಿಕದ ಕಾರ್ಮಿಕ ಸುರಕ್ಷತೆಯ ನಿಯಮದಲ್ಲಿ, ಯಂತ್ರ ಅಥವಾ ಟೇಬಲ್ ಕ್ಲೀನ್ ಮಾಡೋದಕ್ಕೂ ಗಾಳಿ ಬಳಸೋದಾದರೆ ಒತ್ತಡ 30 ಪಿ.ಎಸ್.ಐ.ಗಿಂತ ಕಡಿಮೆ ಇರಬೇಕು ಅಂತಿದೆ. ನಾವು ಅದರ ಮೂರು-ನಾಲ್ಕು ಪಟ್ಟು ಒತ್ತಡದಲ್ಲಿ ಕಣ್ಣಿನ ಪಕ್ಕ ಊದಿಕೊಳ್ತೀವಿ. ಚರ್ಮದ ಮೇಲೆ ಸಣ್ಣ ಗಾಯ ಇದ್ದರೂ ಸಾಕು, ಗಾಳಿ ಒಳಗೆ ನುಗ್ಗುತ್ತೆ. ಕಣ್ಣಿಗೆ, ಕಿವಿಯ ತಮಟೆಗೆ ಆಗೋ ಪೆಟ್ಟಿನ ಬಗ್ಗೆ ಹೇಳೋದೇ ಬೇಡ.

ಎರಡನೇದು ಧೂಳು. ನನ್ನ ಪ್ರಕಾರ ಇದೇ ದೊಡ್ಡ ಕೊಲೆಗಾರ, ಯಾಕಂದ್ರೆ ಇದು ನಿಧಾನ. ಪ್ಯಾಡು ಕಿತ್ತು ಹಾರಿದರೆ ರಕ್ತ ಕಾಣುತ್ತೆ, ಆಸ್ಪತ್ರೆಗೆ ಓಡ್ತೀವಿ. ಧೂಳು ಹತ್ತು ವರ್ಷ ಕೆಲಸ ಮಾಡಿ, ಹನ್ನೊಂದನೇ ವರ್ಷ ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತೆ. ಆಗ “ಬೀಡಿ ಸೇದ್ತಿದ್ದ ಬಿಡಿ” ಅಂತ ಕಥೆ ಮುಗಿಸ್ತೀವಿ.

ಕಣ್ಣಿಗೆ ಕಾಣೋ ಧೂಳು ನಿಜವಾಗಿ ಅಷ್ಟು ಕೆಟ್ಟದ್ದಲ್ಲ. ಅದು ಮೂಗಿನಲ್ಲೇ, ಗಂಟಲಲ್ಲೇ ನಿಲ್ಲುತ್ತೆ, ಸೀತರೆ ಕೆಮ್ಮಿದರೆ ಹೊರಗೆ ಬರುತ್ತೆ. ಶ್ವಾಸಕೋಶದ ತಳ ಮುಟ್ಟೋದು ಕಣ್ಣಿಗೇ ಕಾಣದ ನಾಲ್ಕೈದು ಮೈಕ್ರಾನಿನ ಪುಡಿ. ಸ್ಯಾಂಡರ್ ಮಾಡೋ ಕೆಲಸವೇ ಪುಡಿ ಮಾಡೋದು. ಕಾಗದ ನಯವಾದಷ್ಟೂ ಪುಡಿ ಸಣ್ಣದು.

ಆ ಪುಡಿಯಲ್ಲಿ ಏನೇನಿದೆ? ಕಾರಿನ ಪಟ್ಟಿ ಅಂದರೆ ಪಾಲಿಯೆಸ್ಟರ್ ರಾಳದಲ್ಲಿ ಕಲಸಿದ ಟಾಲ್ಕ್, ಸುಣ್ಣದ ಕಲ್ಲಿನ ಪುಡಿ. ಇದು ನೀರು ಹೀರುತ್ತೆ ಅಂತ ಒಣದಾಗೇ ಉಜ್ಜಬೇಕು, ಹಾಗಾಗಿ ಧೂಳು ತಪ್ಪಿದ್ದಲ್ಲ. ಮರದ ಧೂಳನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲನೇ ಗುಂಪಿಗೆ ಸೇರಿಸಿದೆ. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅನ್ನೋದರಲ್ಲಿ ಅನುಮಾನವೇ ಇಲ್ಲ ಅನ್ನೋ ಗುಂಪು. ಗ್ರಾನೈಟಿನಿಂದ ಏಳುವ ಸಿಲಿಕಾ ಧೂಳೂ ಅದೇ ಗುಂಪಿನಲ್ಲಿದೆ. ಸಿಲಿಕೋಸಿಸ್ ಎಲ್ಲೋ ದೂರದ ಕಾಯಿಲೆ ಅಂದ್ಕೋಬೇಡಿ. ನಮ್ಮದೇ ಕೋಲಾರದ ಚಿನ್ನದ ಗಣಿಯಲ್ಲಿ ಅದು ದಾಖಲಾಗಿ ಮುಕ್ಕಾಲು ಶತಮಾನ ದಾಟಿದೆ. ಗಣಿ 2001ರಲ್ಲಿ ಮುಚ್ಚಿತು, ಪಾಠ ಮಾತ್ರ ನಾವು ಕಲೀಲಿಲ್ಲ.

ಇನ್ನು ಹಳೇ ಬಣ್ಣ. ಬಸ್ಸು-ಲಾರಿಗಳ ಹಳೇ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ ಮತ್ತು ಕ್ರೋಮಿಯಂ ಇರೋದು ಮಾಮೂಲು. “ಈಗ ಸೀಸಕ್ಕೆ ಕಾನೂನು ಬಂದಿದೆಯಲ್ಲ” ಅನ್ನಬಹುದು. ಬಂದಿದೆ. 2016ರ ನಿಯಮದಂತೆ ಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. ದಾಟಬಾರದು, 2017ರ ನವೆಂಬರ್‌ನಿಂದ ಜಾರಿ. ಆದರೆ ಅದು ಮನೆಗೆ, ಅಲಂಕಾರಕ್ಕೆ ಬಳಸೋ ಬಣ್ಣಗಳಿಗೆ ಮಾತ್ರ. ವಾಹನದ ಬಣ್ಣ ಅದರಲ್ಲಿ ಬರಲ್ಲ. ನಮ್ಮ ಮಗು ಗೋಡೆ ನೆಕ್ಕಿದರೆ ಅಂತ ಕಾನೂನು ಮಾಡಿದ್ದೇವೆ, ಒಳ್ಳೇದು. ಇನ್ನೊಬ್ಬರ ಮಗ ದಿನಾ ಎಂಟು ಗಂಟೆ ಅದನ್ನೇ ಪುಡಿ ಮಾಡಿ ಉಸಿರಾಡಿದರೆ? ಅದಕ್ಕೆ ಕಾನೂನು ಇಲ್ಲ. ಆ ಪುಡಿ ಅವನ ಶರ್ಟಿನ ಜೊತೆ ಮನೆಗೂ ಹೋಗುತ್ತೆ, ಅವನ ಮಗು ಆ ಶರ್ಟನ್ನೇ ತಬ್ಬಿಕೊಳ್ಳುತ್ತೆ.

ಇದಕ್ಕೆಲ್ಲ ನಮ್ಮ ಕಡೆ ಇರೋ ಔಷಧಿ ಗೊತ್ತಾ? ಬೆಲ್ಲ ಮತ್ತು ಬಾಳೆಹಣ್ಣು! “ದಿನಾ ಸಂಜೆ ಒಂದು ಉಂಡೆ ಬೆಲ್ಲ ತಿನ್ನು, ಧೂಳೆಲ್ಲಾ ಹೊರಟು ಹೋಗುತ್ತೆ” ಅಂತ ಮಾಲೀಕರು ಬಹಳ ಕಾಳಜಿಯಿಂದ ಹೇಳ್ತಾರೆ. ಸ್ವಾಮಿ, ಬೆಲ್ಲ ಹೋಗೋದು ಅನ್ನನಾಳದಲ್ಲಿ, ಧೂಳು ಹೋಗೋದು ಶ್ವಾಸನಾಳದಲ್ಲಿ. ಎರಡು ಬೇರೆ ಬೇರೆ ರಸ್ತೆ. ತಿಪಟೂರಿಗೆ ಹೋಗೋ ಬಸ್ಸು ಹತ್ತಿ ಕುಣಿಗಲ್‌ನಲ್ಲಿ ಇಳೀತೀನಿ ಅಂದ ಹಾಗಾಯ್ತು. ಬೆಲ್ಲ ಕೊಡೋ ದುಡ್ಡಿಗೆ ಮಾಸ್ಕ್ ಕೊಡಿ.

ಮೂರನೇದು ಶಬ್ದ ಮತ್ತು ನಡುಕ. ಇವೆರಡನ್ನ ನಮ್ಮಲ್ಲಿ ಯಾರೂ ಅಪಾಯ ಅಂತಲೇ ಎಣಿಸಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ದಿನಕ್ಕೆ 8 ಗಂಟೆ ಕೇಳಬಹುದಾದ ಶಬ್ದ 85 ಡೆಸಿಬಲ್. 88 ಆದರೆ 4 ಗಂಟೆ, 91 ಆದರೆ 2 ಗಂಟೆ ಅಷ್ಟೇ. ಅದೇ ತಗಡಿನ ಶೆಡ್ಡಿನೊಳಗೆ ಕಂಪ್ರೆಸರ್ ಬೊಬ್ಬೆ ಹೊಡೀತಿರುತ್ತೆ, ಪಕ್ಕದಲ್ಲಿ ಇನ್ನೊಬ್ಬ ತಗಡು ಬಡೀತಿರ್ತಾನೆ, ಸ್ಯಾಂಡರ್ ಕಿರುಚ್ತಿರುತ್ತೆ. ಇಪ್ಪತ್ತು ವರ್ಷ ಟಿಂಕರಿಂಗ್ ಮಾಡಿದವರ ಹತ್ತಿರ ಮಾತಾಡಿ ನೋಡಿ. ಎರಡು ಸಲ ಹೇಳಿದರೆ ಮಾತ್ರ ಕೇಳಿಸುತ್ತೆ. “ವಯಸ್ಸಾಯ್ತಲ್ಲಣ್ಣ” ಅಂತಾರೆ. ವಯಸ್ಸು ನಲವತ್ತೆರಡು!

ನಡುಕದ ಕಥೆಯೂ ಹಾಗೇ. ತಿಂಗಳುಗಟ್ಟಲೆ ನಡುಗೋ ಯಂತ್ರ ಹಿಡಿದ ಕೈಬೆರಳು ಮೊದಲು ಜೋಮು ಹಿಡಿಯುತ್ತೆ, ಆಮೇಲೆ ಚಳಿಯಲ್ಲಿ ತುದಿ ಬೆಳ್ಳಗಾಗುತ್ತೆ, ಕೊನೆಗೆ ಶರ್ಟಿನ ಗುಂಡಿ ಹಾಕೋಕೂ ಆಗಲ್ಲ. ಗಾಳಿ ಯಂತ್ರದಲ್ಲಿ ಇನ್ನೊಂದು ವಿಶೇಷ ಇದೆ. ಒತ್ತಿ ಹಿಡಿದ ಗಾಳಿ ಹಿಗ್ಗಿ ಹೊರಬರುವಾಗ ತಣ್ಣಗಾಗುತ್ತೆ, ಆ ತಣ್ಣನೆಯ ಗಾಳಿ ಹಲವು ಸಲ ನೇರ ಕೈಮೇಲೇ ಬೀಳುತ್ತೆ. ಡಿಸೆಂಬರ್ ಬೆಳಿಗ್ಗೆ ಕೆಲಸ ಮಾಡಿದವರಿಗೆ ಇದು ಗೊತ್ತು. ಯೂರೋಪಿನಲ್ಲಿ 2002ರಿಂದಲೇ ದಿನಕ್ಕೆ ಇಷ್ಟು ನಡುಕ ಮಾತ್ರ ಅಂತ ಲೆಕ್ಕ ಇಟ್ಟಿದ್ದಾರೆ. 2.5 ದಾಟಿದರೆ ಮಾಲೀಕ ಕ್ರಮ ತಗೋಬೇಕು, 5 ದಾಟಲೇಬಾರದು. ನಮ್ಮಲ್ಲಿ ಬೆರಳು ಜೋಮು ಹಿಡಿದರೆ ಕೈ ಒದರಿಕೊಂಡು ಮತ್ತೆ ಶುರು.

ನಾಲ್ಕನೇದು ಕಿಡಿ. “ಗಾಳಿ ಮೋಟಾರ್, ಕಿಡಿ ಬರಲ್ಲ” ಅಂತಾರೆ. ಮೋಟಾರಿನಿಂದ ಬರಲ್ಲ, ನಿಜ. ಕಬ್ಬಿಣದ ಮೇಲೆ ಒರಟು ಕಾಗದ ಉಜ್ಜಿದರೆ ಬರುತ್ತಲ್ಲ? ಎರಡು ಮಾರು ದೂರದಲ್ಲಿ ಥಿನ್ನರ್ ಡಬ್ಬಿ ಬಾಯಿ ತೆರೆದು ಕೂತಿರುತ್ತಲ್ಲ? ಅಲ್ಯುಮಿನಿಯಂ ಪುಡಿಯಂತೂ ಗಾಳಿಯಲ್ಲಿ ತುಂಬಿದಾಗ ಕಿಡಿ ತಾಗಿದರೆ ಸ್ಫೋಟಿಸೋ ವಸ್ತು.

ಇಷ್ಟು ಹೇಳಿದರೆ ಬರೋ ಉತ್ತರ ಒಂದೇ: “ನಾವು ಹೇಳ್ತೀವಿ ಸಾರ್, ಹುಡುಗರು ಮಾಸ್ಕ್ ಹಾಕ್ಕೊಳ್ಳಲ್ಲ.”

ಈ ಮಾತಿಗೇ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು. ಹುಡುಗರನ್ನ ಕೇಳಿದೆ. ಒಬ್ಬ ಹೇಳಿದ, “ಹಾಕ್ಕಂಡ್ರೆ ಉಸ್ರು ಕಟ್ಟುತ್ತಣ್ಣ, ತಗಡಿನ ಶೆಡ್ಡು, ಏಪ್ರಿಲ್‌ನಾಗೆ ಬೆಂದೋಗ್ತೀವಿ.” ಇನ್ನೊಬ್ಬ ಹೇಳಿದ, “ಒಂದು ಮಾಸ್ಕ್ ಕೊಟ್ಟಿದ್ರು, ಕೊರೊನಾ ಟೈಮಲ್ಲಿ.” ಕೊರೊನಾ ಟೈಮಲ್ಲಿ! ಬಿಸಾಡಬೇಕಾದ ಮಾಸ್ಕು ವರ್ಷಗಟ್ಟಲೆ ಮೊಳೆಗೆ ನೇತುಹಾಕಿದೆ, ಒಳಗಡೆಯೂ ಹೊರಗಡೆಯಷ್ಟೇ ಧೂಳು. ಶೆಡ್ಡಿಗೆ ಕಿಟಕಿ ಇಟ್ಟಿಲ್ಲ, ಫ್ಯಾನ್ ಹಾಕಿಲ್ಲ, ಧೂಳು ಎಳೆಯೋ ಚೀಲ ಇರೋ ಸ್ಯಾಂಡರ್ ಬದಲು ಅಗ್ಗದ್ದು ತಂದಿದ್ದೀರಿ, ಕೂಲಿಯನ್ನ ಪೀಸ್ ಲೆಕ್ಕದಲ್ಲಿ ಕೊಡ್ತೀರಿ. ಹತ್ತು ನಿಮಿಷ ಮಾಸ್ಕ್ ತೆಗೆದು ಉಸಿರಾಡಿ ಬಂದರೆ ಅಷ್ಟು ದುಡ್ಡು ಕಮ್ಮಿ. ಆಮೇಲೆ ತಪ್ಪು ಹುಡುಗನದ್ದು! ಸುರಕ್ಷತೆ ತಿಳಿದವರು ಎಲ್ಲಾ ಕಡೆ ಹೇಳೋ ಕ್ರಮ ಇದು: ಮೊದಲು ಧೂಳೇ ಏಳದ ಹಾಗೆ ಮಾಡು, ಎದ್ದದ್ದನ್ನ ಅಲ್ಲೇ ಎಳೆದುಕೋ, ಗಾಳಿಯಾಡೋ ಹಾಗೆ ಮಾಡು, ಕೊನೆಗೆ ಮಾಸ್ಕ್. ನಾವು ಕೊನೆಯದನ್ನ ಮೊದಲು ಹಿಡ್ಕೊಂಡು, ಅದನ್ನೂ ಕೊಡದೆ, ಅದನ್ನ ಹಾಕ್ಕೊಳ್ಳದವನನ್ನ ಬೈತೀವಿ.

ಮಾಲೀಕರನ್ನ ಮಾತ್ರ ಬೈದರೆ ಅದೂ ಅನ್ಯಾಯ. ಮೂರು ಜನರ ಶೆಡ್ಡು ನಡೆಸೋ ಮಾಲೀಕನೇ ಹಲವು ಸಲ ಸ್ಯಾಂಡರ್ ಹಿಡೀತಾನೆ, ಅವನ ಶ್ವಾಸಕೋಶವೂ ಅದೇ. ಹಾಗಾದರೆ ಕಾನೂನು ಎಲ್ಲಿದೆ? 1948ರ ಕಾರ್ಖಾನೆ ಕಾಯ್ದೆಯಲ್ಲಿ ಧೂಳಿಗೆ ಒಂದು ಕಲಂ, ಕಣ್ಣಿಗೆ ಒಂದು ಕಲಂ ಇತ್ತು. ಸಿಲಿಕೋಸಿಸ್, ಸೀಸದ ವಿಷ, ಶಬ್ದದಿಂದ ಬರೋ ಕಿವುಡು ಮೂರೂ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದ್ದವು. ಆದರೆ ಪವರ್ ಬಳಸೋ ಕಡೆ 10 ಜನ ಕೆಲಸಗಾರರು ಇದ್ದರೆ ಮಾತ್ರ ಅದು ಕಾರ್ಖಾನೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂತು. ಅದರಲ್ಲಿ ಕಾರ್ಖಾನೆ ಅನ್ನಿಸಿಕೊಳ್ಳೋಕೆ 20 ಜನ ಬೇಕು, ಉಳಿದ ಹೆಚ್ಚಿನ ನಿಯಮಗಳಿಗೂ 10 ಜನ ಬೇಕು. ಮೂರು ಜನರ ಶೆಡ್ಡು ಆಗಲೂ ಹೊರಗೆ, ಈಗಲೂ ಹೊರಗೆ. ಧೂಳಿಗೆ ಜನ ಎಣಿಸೋಕೆ ಬರಲ್ಲ ಅನ್ನೋದು ಕಾನೂನು ಬರೆದವರಿಗೆ ಹೊಳೆಯಲಿಲ್ಲ.

ನಮ್ಮ ಜಿಲ್ಲೆಯನ್ನೇ ನೋಡಿ. ಗುಬ್ಬಿ ಅಂದರೆ ಹೊರಗಿನವರಿಗೆ ವೀರಣ್ಣನವರ ನಾಟಕ ಕಂಪನಿಯ ಊರು. 2023ರ ಫೆಬ್ರವರಿ 6ರಂದು ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತು. ತುಮಕೂರಿನ ಸುತ್ತ ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿ, ವಸಂತನರಸಾಪುರ ಅಂತ ಕೈಗಾರಿಕಾ ಪ್ರದೇಶಗಳ ಸಾಲು. ಕುಣಿಗಲ್‌ಗೆ ಅಂಚೆಪಾಳ್ಯ. ಭಾಷಣಗಳಲ್ಲಿ ನಾವು “ಕೈಗಾರಿಕಾ ಜಿಲ್ಲೆ”. ಸಂತೋಷವೇ. ಆದರೆ ಹೆಲಿಕಾಪ್ಟರ್ ಹಾರಿಸೋ ತಾಲ್ಲೂಕಿನಲ್ಲಿ ಹೆದ್ದಾರಿ ಬದಿಯ ಶೆಡ್ಡಿನ ಹುಡುಗ ಕರ್ಚೀಫ್ ಕಟ್ಟಿಕೊಂಡು ಸೀಸ ಪುಡಿ ಮಾಡ್ತಾನೆ. ಕುದುರೆ ಫಾರಂನಿಂದ ಹೆಸರಾದ ಕುಣಿಗಲ್‌ನಲ್ಲಿ ಕುದುರೆಗೆ ಕೆಮ್ಮು ಬಂದರೆ ಡಾಕ್ಟರ್ ಬರೋ ಕಾಲ ಇತ್ತು, ಸ್ಯಾಂಡರ್ ಹಿಡಿದವನಿಗೆ ಮಾತ್ರ ಮೆಡಿಕಲ್ ಸ್ಟೋರಿನ ಸಿರಪ್ಪೇ ಗತಿ. ಆಯುಧಪೂಜೆಯ ದಿನ ಕಂಪ್ರೆಸರ್‌ಗೆ ಹಾರ ಹಾಕಿ, ಕುಂಕುಮ ಹಚ್ಚಿ, ಬೂದುಗುಂಬಳ ಒಡೀತೀವಿ. ಮಾಡೋಣ, ನಾನೂ ಮಾಡ್ತೀನಿ. ಆದರೆ ಆ ಕಂಪ್ರೆಸರ್ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿ ನೀರು ಹೊರಗೆ ಬಿಟ್ಟು ಎಷ್ಟು ತಿಂಗಳಾಯ್ತು? ನೀರು ನಿಂತು ಒಳಗಿನಿಂದ ತುಕ್ಕು ಹಿಡಿದ ಟ್ಯಾಂಕು ಬಾಂಬಿಗೆ ಸಮ. ಕುಂಬಳಕಾಯಿ ಅದನ್ನ ತಡೆಯಲ್ಲ.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ನಮ್ಮ ಅಂದರೆ ಕನ್ನಡದಲ್ಲಿ ಬರೆಯೋ ನನ್ನ-ನಿಮ್ಮ ವಿಷಯಕ್ಕೆ.

ಕೈಯಲ್ಲಿ ಹಿಡಿಯೋ ಗಾಳಿ ಸ್ಯಾಂಡರ್, ಪಾಲಿಶರ್‌ಗಳ ಸುರಕ್ಷತೆಗೇ ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ಐ.ಎಸ್.ಒ. 11148ರ ಎಂಟನೇ ಭಾಗ, 2011ರದ್ದು. ಯಂತ್ರದ ಜೊತೆ ಕೊಡೋ ಕೈಪಿಡಿಯಲ್ಲಿ ಏನೇನು ಎಚ್ಚರಿಕೆ ಇರಬೇಕು ಅಂತ ಅದರಲ್ಲಿ ಉದ್ದುದ್ದಕ್ಕೆ ಬರೆದಿದ್ದಾರೆ. ಹಾಗಾಗಿ ಒಳ್ಳೇ ಯಂತ್ರದ ಡಬ್ಬಿಯಲ್ಲಿ ಎಲ್ಲಾ ಇರುತ್ತೆ, ಶಬ್ದ ಎಷ್ಟು, ನಡುಕ ಎಷ್ಟು, ಒತ್ತಡ ಎಷ್ಟು. ಇಂಗ್ಲಿಷಿನಲ್ಲಿ, ಜರ್ಮನ್‌ನಲ್ಲಿ, ಚೀನೀ ಭಾಷೆಯಲ್ಲಿ. ನಾನು ಕೈಗೆ ತಗೊಂಡು ನೋಡಿದ ಒಂದು ಕೈಪಿಡಿಯಲ್ಲೂ ಕನ್ನಡ ಇರಲಿಲ್ಲ. ಕುಣಿಗಲ್‌ನ ಹುಡುಗ ಆ ಪುಸ್ತಕವನ್ನ ಏನು ಮಾಡ್ತಾನೆ? ಪೇಂಟ್ ಒರೆಸ್ತಾನೆ.

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಲ್ಲಿ, ರಾಜ್ಯದಲ್ಲಿ ತಯಾರಾಗೋ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಅಂತಿದೆ. ಒಳ್ಳೇದು. ಆದರೆ ಹೊರಗಿನಿಂದ ಬರೋ ಸ್ಯಾಂಡರ್‌ಗೆ ಅದು ತಾಕಲ್ಲ. ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಬೇಕು ಅಂತ ಬೀದಿಗಿಳಿದೆವು, ಕಾನೂನೂ ಆಯ್ತು. ಗ್ಯಾರೇಜಿನ ಹೊರಗೆ ಶೇ. 60, ಒಳಗೆ ಯಂತ್ರದ ಹತ್ತಿರ ಶೇ. 0. ಜೀವ ಉಳಿಸೋ ಎಚ್ಚರಿಕೆಯಲ್ಲಿ ಇಲ್ಲದ ಕನ್ನಡ ಬೋರ್ಡಿನಲ್ಲಿ ಎಷ್ಟು ದೊಡ್ಡದಿದ್ದರೆ ಏನು ಬಂತು?

ಇನ್ನು ಕನ್ನಡದಲ್ಲಿ ಬಂದಾಗ ಹೇಗಿರುತ್ತೆ ಅನ್ನೋದೂ ಗೊತ್ತು. “ಸಂಪೀಡಿತ ವಾಯುಚಾಲಿತ ಹಸ್ತ ಘರ್ಷಣ ಉಪಕರಣವನ್ನು ಉಪಯೋಗಿಸುವ ಪೂರ್ವದಲ್ಲಿ ವೈಯಕ್ತಿಕ ಸಂರಕ್ಷಣಾ ಸಾಧನಗಳನ್ನು ಧರಿಸತಕ್ಕದ್ದು.” ಧರಿಸತಕ್ಕದ್ದು! ಇದನ್ನ ಓದಿದ ಮೇಸ್ತ್ರಿಗೆ ಇಂಗ್ಲಿಷೇ ವಾಸಿ ಅನ್ನಿಸುತ್ತೆ. ಆ ಶೆಡ್ಡಿನಲ್ಲಿ ಆಗಲೇ ಕನ್ನಡ ಇದೆ ಕಣ್ರೀ. ಪೈಪು, ಪಟ್ಟಿ, ಉಪ್ಪು ಕಾಗದ, ಕಂಪ್ರೆಸರು, ಉಜ್ಜು, ಊದು, ಬಿಚ್ಚು. ಅಷ್ಟರಲ್ಲೇ ಎಲ್ಲಾ ಹೇಳಬಹುದು. ಹೇಳಬಹುದು ಅಂತ ಬಾಯಲ್ಲಿ ಹೇಳಿದರೆ ಸಾಲದಲ್ಲ, ಅದಕ್ಕೇ ಮಾಡಿ ತೋರಿಸ್ತಿದ್ದೀನಿ. ಇದನ್ನ ಯಾರು ಬೇಕಾದರೂ ಪ್ರಿಂಟ್ ತೆಗೆದು ಅಂಟಿಸಿ, ನನ್ನ ಹೆಸರು ಬೇಡ.

1. ಕಾಗದ ಬದಲಾಯಿಸೋ ಮುಂಚೆ, ಪ್ಯಾಡ್ ಬಿಚ್ಚೋ ಮುಂಚೆ ಗಾಳಿ ಪೈಪ್ ಬಿಚ್ಚು. ಲಿವರ್ ಒಂದು ಸಲ ಒತ್ತಿ ಒಳಗೆ ಉಳಿದ ಗಾಳಿ ಬಿಡು. ಆಮೇಲೆ ಕೈ ಹಾಕು.

2. ರೆಗ್ಯುಲೇಟರ್ ಇಲ್ಲದೆ ಸ್ಯಾಂಡರ್ ಓಡಿಸಬೇಡ. ಯಂತ್ರದ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಒತ್ತಡ. ಹೆಚ್ಚಿನವಕ್ಕೆ 90.

3. ಪ್ಯಾಡ್ ಸೀಳಿದ್ದರೆ, ಅಂಚು ಹರಿದಿದ್ದರೆ ಎಸೆ. ಹೊಸ ಪ್ಯಾಡಿನ ಮೇಲೆ ಬರೆದಿರೋ ಸುತ್ತು ಯಂತ್ರದ ಸುತ್ತಿಗಿಂತ ಕಮ್ಮಿ ಇರಬಾರದು.

4. ಪ್ಯಾಡನ್ನ ಕೆಲಸದ ಮೇಲೆ ಇಟ್ಟು ಲಿವರ್ ಒತ್ತು. ಗಾಳಿಯಲ್ಲಿ ಎತ್ತಿ ಹಿಡಿದು ಸುಮ್ಮನೆ ಓಡಿಸಬೇಡ. ಪೂರ್ತಿ ನಿಂತ ಮೇಲೆ ಕೆಳಗಿಡು.

5. ಲಿವರ್‌ಗೆ ಟೇಪ್ ಸುತ್ತಿ, ದಾರ ಕಟ್ಟಿ ಒತ್ತಿಟ್ಟ ಹಾಗೇ ಮಾಡಬೇಡ. ಕೈಬಿಟ್ಟರೆ ಯಂತ್ರ ನಿಲ್ಲಬೇಕು.

6. ಬೆಳಿಗ್ಗೆ ಪೈಪು ನೋಡು. ಬಿರುಕು, ಉಬ್ಬು, ತಂತಿ ಸುತ್ತಿದ ಜಾಯಿಂಟ್ ಇದ್ದರೆ ಅವತ್ತೇ ಬದಲಾಯಿಸು. ಕಿತ್ತ ಪೈಪು ಹಾವಿನ ಹಾಗೆ ಹೊಡೆಯುತ್ತೆ. ಹಿಡಿಯೋಕೆ ಹೋಗಬೇಡ, ಓಡಿ ಹೋಗಿ ವಾಲ್ವ್ ಮುಚ್ಚು.

7. ಗಾಳಿಯಿಂದ ಮೈ, ಬಟ್ಟೆ, ಮುಖ ಊದಿಕೊಳ್ಳಬೇಡ. ಇನ್ನೊಬ್ಬರ ಕಡೆ ತಮಾಷೆಗೂ ತಿರುಗಿಸಬೇಡ. ಜೀವ ಹೋಗಿದೆ.

8. ಕರ್ಚೀಫು ಮಾಸ್ಕ್ ಅಲ್ಲ. ಎನ್-95 ಅಥವಾ ಎಫ್.ಎಫ್.ಪಿ.-2 ಮಾಸ್ಕ್ ಹಾಕು, ಮೂಗಿನ ಹತ್ತಿರ ಒತ್ತಿ ಸರಿ ಮಾಡು. ಗಡ್ಡ ಇದ್ದರೆ ಪಕ್ಕದಿಂದ ಧೂಳು ನುಗ್ಗುತ್ತೆ. ಉಸಿರಾಡೋಕೆ ಬಿಗಿಯಾದರೆ ಮಾಸ್ಕ್ ಬದಲಾಯಿಸು. ಬಣ್ಣ ಸ್ಪ್ರೇ ಮಾಡುವಾಗ ಈ ಮಾಸ್ಕ್ ಸಾಲದು, ಅದು ಧೂಳು ತಡೆಯುತ್ತೆ, ಆವಿ ತಡೆಯಲ್ಲ.

9. ಧೂಳು ಎಳೆಯೋ ಚೀಲ ಅಥವಾ ವ್ಯಾಕ್ಯೂಮ್ ಇದ್ದರೆ ಅದನ್ನ ಹಾಕಿಯೇ ಉಜ್ಜು, ಕಾಗದದ ತೂತು ಪ್ಯಾಡಿನ ತೂತಿಗೆ ಸರಿಯಾಗಿ ಕೂರಬೇಕು. ಬಣ್ಣ, ಕಲ್ಲು ಆದರೆ ನೀರು ಹಾಕಿ ಉಜ್ಜಬಹುದಾ ನೋಡು. ನೆಲ ಒಣದಾಗಿ ಗುಡಿಸಬೇಡ, ಒದ್ದೆ ಮಾಡಿ ಒರೆಸು.

10. ಕಣ್ಣಿಗೆ ಪಕ್ಕ ಮುಚ್ಚೋ ಕನ್ನಡಕ, ಕಿವಿಗೆ ಪ್ಲಗ್ಗು. ಹೆಗಲ ಮೇಲಿನ ಟವೆಲ್, ಕೈಯ ದಾರ, ಸಡಿಲ ತೋಳು ಎಲ್ಲಾ ಬದಿಗಿಡು.

11. ಅರ್ಧ-ಮುಕ್ಕಾಲು ಗಂಟೆಗೊಮ್ಮೆ ಯಂತ್ರ ಇನ್ನೊಬ್ಬನಿಗೆ ಕೊಡು, ನೀನು ಬೇರೆ ಕೆಲಸ ಮಾಡು. ಒತ್ತಿ ಹಿಡಿಯಬೇಡ, ಯಂತ್ರದ ಭಾರವೇ ಸಾಕು. ಬೆರಳು ಜೋಮು ಹಿಡಿದರೆ, ಬೆಳ್ಳಗಾದರೆ ಡಾಕ್ಟರಿಗೆ ತೋರಿಸು, ಏನು ಕೆಲಸ ಮಾಡ್ತೀಯ ಅಂತಲೂ ಹೇಳು.

12. ಉಜ್ಜೋ ಜಾಗದ ಹತ್ತಿರ ಥಿನ್ನರ್ ಇಡಬೇಡ. ಸಂಜೆ ಕಂಪ್ರೆಸರ್ ಟ್ಯಾಂಕಿನ ನೀರು ಬಿಡು. ಸೇಫ್ಟಿ ವಾಲ್ವ್ ಕೆಲಸ ಮಾಡ್ತಿದೆಯಾ ನೋಡು.

13. ಊಟಕ್ಕೆ, ಟೀಗೆ ಮುಂಚೆ ಕೈ-ಮುಖ ಸೋಪಿನಲ್ಲಿ ತೊಳಿ. ಕೆಲಸದ ಶರ್ಟು ಶೆಡ್ಡಿನಲ್ಲೇ ಬಿಚ್ಚು, ಮನೆಗೆ ಹಾಕ್ಕೊಂಡು ಹೋಗಬೇಡ.

ನೋಡಿ, ಹದಿಮೂರು ಮಾತು. ಒಂದು ಹಾಳೆ. ಇದರಲ್ಲಿ ಎಂಟು-ಹತ್ತಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಮಾಸ್ಕು, ಕನ್ನಡಕ, ಕಿವಿ ಪ್ಲಗ್ಗು ಮೂರೂ ಸೇರಿದರೂ ಒಂದು ಕಾರಿನ ಬಂಪರ್ ಪೇಂಟ್ ಮಾಡಿಸೋ ಬಿಲ್ಲಿನ ಮುಂದೆ ಏನೂ ಅಲ್ಲ.

ಬಿಲ್ಲು ಅಂದಾಗ ನೆನಪಾಯ್ತು. ಆ ಬಿಲ್ಲು ಕಟ್ಟೋರು ಯಾರು? ನಾವೇ. “ಹಬ್ಬಕ್ಕೆ ಮುಂಚೆ ಕಾರು ಬೇಕು, ನಾಳೆ ಬೆಳಿಗ್ಗೆನೇ ಬೇಕು” ಅಂತ ಫೋನ್ ಮಾಡೋರು ನಾವೇ. “ಅವನು ಇಷ್ಟಕ್ಕೇ ಮಾಡ್ತಾನೆ, ನೀವು ಯಾಕೆ ಜಾಸ್ತಿ” ಅಂತ ಐನೂರು ರೂಪಾಯಿಗೆ ಚೌಕಾಸಿ ಮಾಡೋರೂ ನಾವೇ. ಆ ಐನೂರು ಎಲ್ಲಿಂದ ಕಮ್ಮಿ ಆಗುತ್ತೆ ಅಂದ್ಕೊಂಡಿದ್ದೀರಿ? ಪೇಂಟಿನಿಂದ ಆಗಲ್ಲ, ಹೊಳಪು ಕಮ್ಮಿ ಆದರೆ ನಾವು ಬಿಡಲ್ಲ. ಕಾಣದ ಕಡೆಯಿಂದ ಆಗುತ್ತೆ, ಅಂದರೆ ಮಾಸ್ಕಿನಿಂದ, ಫ್ಯಾನಿನಿಂದ, ಪೈಪಿನಿಂದ.

ಹಾಗಾಗಿ ಕನ್ನಡದಲ್ಲಿ ಬರೆಯೋ ಗೆಳೆಯ-ಗೆಳತಿಯರಲ್ಲಿ ನನ್ನ ಜಗಳ ಇಷ್ಟೇ. ನಮ್ಮ ಬ್ಲಾಗುಗಳಲ್ಲಿ ಮಳೆ ಬಂದಿದೆ, ಮಲ್ಲಿಗೆ ಅರಳಿದೆ, ಸಿನಿಮಾ ಬಂದರೆ ಮೂರು ವಿಮರ್ಶೆ, ಕನ್ನಡಕ್ಕೆ ಅನ್ಯಾಯ ಆದರೆ ಮೂವತ್ತು ಬರಹ. ಯಾವುದೂ ಬೇಡ ಅಂತಿಲ್ಲ. ಆದರೆ ವೆಲ್ಡಿಂಗ್, ಗ್ರೈಂಡಿಂಗ್, ಬೋರ್‌ವೆಲ್ ಮೋಟಾರ್ ಎತ್ತೋದು, ಅಡಿಕೆ ಸುಲಿಯೋ ಯಂತ್ರ, ಕಾಯಿ ಸುಲಿಯೋ ಯಂತ್ರ, ಔಷಧಿ ಹೊಡೆಯೋದು, ಇವುಗಳಲ್ಲಿ ಕೈ-ಕಣ್ಣು ಉಳಿಸಿಕೊಳ್ಳೋದು ಹೇಗೆ ಅಂತ ಕನ್ನಡದಲ್ಲಿ ಹುಡುಕಿ ನೋಡಿ, ಎಷ್ಟು ಸಿಗುತ್ತೆ ಹೇಳಿ. ಕನ್ನಡ ಅನ್ನದ ಭಾಷೆ ಆಗಬೇಕು ಅಂತ ಎಲ್ಲರೂ ಬರೀತೀವಿ. ಅನ್ನ ದುಡಿಯುವಾಗ ಉಸಿರು ಉಳಿಸೋ ಭಾಷೆ ಮೊದಲು ಆಗಲಿ.

ನಿಮ್ಮೂರಿನ ಒಂದು ಕಸುಬು ಹಿಡೀರಿ. ಅಲ್ಲಿ ಹೋಗಿ ಕೂತು ಅವರ ಮಾತು ಕೇಳಿ, ಅವರದೇ ಪದದಲ್ಲಿ ಒಂದು ಹಾಳೆ ಬರೀರಿ, ತಿಳಿದವರಿಗೆ ತೋರಿಸಿ ತಪ್ಪು ತಿದ್ದಿಸಿ, ಹಾಕಿ. ನನ್ನ ಹದಿಮೂರರಲ್ಲಿ ಏನಾದರೂ ಬಿಟ್ಟಿದ್ದರೆ, ನಿಮ್ಮ ಕಡೆ ಇವಕ್ಕೆ ಬೇರೆ ಹೆಸರಿದ್ದರೆ ಕೆಳಗೆ ಬರೀರಿ, ಸೇರಿಸ್ತೀನಿ. “ಚೆನ್ನಾಗಿದೆ, ಮುಂದುವರಿಸಿ” ಅಂತ ಮಾತ್ರ ಬರೀಬೇಡಿ ದಯವಿಟ್ಟು. ಮುಂದಿನ ಸಲ ಕಾರು ಪೇಂಟಿಗೆ ಬಿಡೋಕೆ ಹೋದಾಗ ಈ ಹಾಳೆ ಜೊತೆ ಒಂದು ಡಬ್ಬಿ ಮಾಸ್ಕ್ ತಗೊಂಡು ಹೋಗಿ, ಚೌಕಾಸಿ ಮಾಡಬೇಡಿ, ಎರಡು ದಿನ ಲೇಟಾದರೆ ಬಸ್ಸಿನಲ್ಲಿ ಓಡಾಡಿ.